ಟ್ರ್ಯಾಕ್ ಡೇನಲ್ಲಿ ಗಾಡಿ ಕೈಕೊಟ್ಟರೆ ಆರ್‌ಎಸ್‌ಎ (ರೋಡ್‌ಸೈಡ್ ಅಸಿಸ್ಟೆನ್ಸ್, ದಾರಿಯಲ್ಲಿ ಕೆಟ್ಟ ಗಾಡಿಗೆ ಸಿಗೋ ನೆರವು) ಬರುತ್ತಾ? (ಪುಣೆ, ಪೋಲೊ ಜಿಟಿ)

ವಾಕಡ್_ಪೋಲೊ

ಎಲ್ರಿಗೂ ನಮಸ್ಕಾರ. ಮುಂದಿನ ತಿಂಗಳು ತಳೇಗಾಂವ್ ಹತ್ತಿರದ ನಾನೊಲಿಯಲ್ಲಿ ಒಂದು ಟ್ರ್ಯಾಕ್ ಡೇಗೆ (ನಮ್ಮದೇ ಗಾಡಿಯನ್ನು ರೇಸ್ ಟ್ರ್ಯಾಕ್ ಮೇಲೆ ಓಡಿಸೋ ದಿನ) ಹೆಸರು ಕೊಟ್ಟಿದ್ದೇನೆ. ಗಾಡಿ 2015ರ ಪೋಲೊ ಜಿಟಿ ಟಿಎಸ್‌ಐ, 1.2 ಲೀಟರ್, 7 ಗಿಯರ್ ಡಿಎಸ್‌ಜಿ (ಎರಡು ಕ್ಲಚ್‌ನ ಆಟೋಮ್ಯಾಟಿಕ್ ಗಿಯರ್‌ಬಾಕ್ಸ್). ಇಂಜಿನ್ ಸ್ಟಾಕ್, ಅಂದರೆ ಕಂಪನಿಯಿಂದ ಬಂದ ಹಾಗೇ ಇದೆ. ಸ್ಪ್ರಿಂಗ್ ಮಾತ್ರ ಬದಲಾಗಿದೆ, ಗಾಡಿ 30 ಮಿ.ಮೀ. ತಗ್ಗಿದೆ. ಬೆಳಿಗ್ಗೆ ವಾಕಡ್‌ನಿಂದ ಓಡಿಸಿಕೊಂಡೇ ಹೋಗಿ ಸಂಜೆ ಅದೇ ಗಾಡಿಯಲ್ಲಿ ವಾಪಸ್ ಬರುವ ಲೆಕ್ಕ. ಬೇರೆ ಗಾಡಿ ಇಲ್ಲ, ಟ್ರೈಲರ್ ಮೊದಲೇ ಇಲ್ಲ.

ಕೇಳಬೇಕಾಗಿರೋದು ಇಷ್ಟು. ಟ್ರ್ಯಾಕ್ ಒಳಗೆ ಗಾಡಿ ನಿಂತುಬಿಟ್ಟರೆ ಇನ್ಶೂರೆನ್ಸ್ ಜೊತೆ ತಗೊಂಡಿರೋ ಆರ್‌ಎಸ್‌ಎಗೆ ಫೋನ್ ಮಾಡಬಹುದಾ? ಬರದಿದ್ದರೆ ಯಾರನ್ನು, ಯಾವಾಗ ಗೊತ್ತು ಮಾಡ್ಕೋಬೇಕು? ಡಿಎಸ್‌ಜಿ ಗಾಡಿ ಎಳೆಸೋದು ಹೇಗೆ? ಇದೆಲ್ಲ ಸರಿಹೋದರೆ ಮುಂದೆ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೂ ಹೋಗುವ ಆಸೆ ಇದೆ. ಅದಕ್ಕೂ ಇದೇ ಲೆಕ್ಕ ನಡೆಯುತ್ತಾ?

---

ಸಣ್ಣಕ್ಷರ

ಮೊದಲು ಇನ್ಶೂರೆನ್ಸ್ ಬೇರೆ, ಆರ್‌ಎಸ್‌ಎ ಬೇರೆ ಅಂತ ಇಟ್ಟುಕೊಳ್ಳಿ. ಒಂದೇ ಕಂಪನಿ, ಒಂದೇ ಪಿಡಿಎಫ್‌ನಲ್ಲಿ ಕಳಿಸಿದರೂ ಷರತ್ತುಗಳು ಬೇರೆ ಬೇರೆ.

ಖಾಸಗಿ ಕಾರಿನ ಪಾಲಿಸಿಯಲ್ಲಿ ಬಳಕೆಯ ಮಿತಿ ಅಂತ ಒಂದು ಪ್ಯಾರಾ ಇರುತ್ತೆ. ಬಾಡಿಗೆ, ಸರಕು ಸಾಗಣೆ ಇವುಗಳ ಜೊತೆಗೇ ಸಂಘಟಿತ ರೇಸಿಂಗ್, ಪೇಸ್ ಮೇಕಿಂಗ್, ಸ್ಪೀಡ್ ಟೆಸ್ಟಿಂಗ್, ರಿಲಯಬಿಲಿಟಿ ಟ್ರಯಲ್ ಎಲ್ಲವನ್ನೂ ಅಲ್ಲಿ ಹೊರಗಿಟ್ಟಿರುತ್ತಾರೆ. ಆಯೋಜಕರು "ಇದು ರೇಸ್ ಅಲ್ಲ, ಟೈಮಿಂಗ್ ಕೂಡ ಇಲ್ಲ" ಅಂತಾರೆ, ನಿಜವೂ ಇರಬಹುದು. ಆದರೆ ಕ್ಲೇಮ್ ನೋಡುವವರು ರೇಸಿಂಗ್ ಅನ್ನೋ ಪದ ಬಿಟ್ಟು ಪಕ್ಕದ ಸ್ಪೀಡ್ ಟೆಸ್ಟಿಂಗ್ ಹಿಡ್ಕೊಂಡರೆ ನಿಮ್ಮ ಹತ್ತಿರ ಉತ್ತರ ಇರಲ್ಲ. ಟ್ರ್ಯಾಕ್ ಮೇಲೆ ಗಾಡಿಗೆ ಆಗೋ ಪೆಟ್ಟು ಜೇಬಿನಿಂದಲೇ ಅಂತ ಲೆಕ್ಕ ಹಾಕಿಕೊಂಡು ಹೋಗಿ. ಬ್ಯಾರಿಯರ್‌ಗೆ ಗುದ್ದಿದರೆ ಅದರ ರಿಪೇರಿ ಯಾರ ತಲೆಗೆ ಅಂತ ನೀವು ಸಹಿ ಹಾಕೋ ಫಾರಂನಲ್ಲಿ ಇರುತ್ತೆ, ಸಹಿಗೆ ಮುಂಚೆ ಓದಿ.

ಇನ್ನು, ಅಪಘಾತವಿಲ್ಲದೆ ಸುಮ್ಮನೆ ಕೆಟ್ಟು ನಿಂತರೆ ಮೂಲ ಪಾಲಿಸಿಯಲ್ಲಿ ಏನೂ ಸಿಗಲ್ಲ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಬ್ರೇಕ್‌ಡೌನ್ ಅದರ ವ್ಯಾಪ್ತಿಗೇ ಬರಲ್ಲ. ಅಪಘಾತ ಆದಾಗ ಎಳೆಸಲು ಕೊಡೋ ಮೊತ್ತವೂ ಹಳೆಯ ಟ್ಯಾರಿಫ್‌ನ ಪ್ರಕಾರ ಖಾಸಗಿ ಕಾರಿಗೆ 1,500 ರೂಪಾಯಿ ಮಾತ್ರ. ಈ ಖಾಲಿ ಜಾಗ ತುಂಬೋಕೇ ಆರ್‌ಎಸ್‌ಎ ಅನ್ನೋ ಆ್ಯಡ್-ಆನ್ ಇರೋದು.

ಆರ್‌ಎಸ್‌ಎ ಷರತ್ತಿನಲ್ಲಿ ಮೂರು ಜಾಗ ಹುಡುಕಿ ಓದಿ. ಒಂದು, ರೇಸ್, ರ‍್ಯಾಲಿ, ಮೋಟಾರ್ ಸ್ಪೋರ್ಟ್ ಹೊರಗಿಟ್ಟ ಸಾಲು. ಬಹಳಷ್ಟು ಪ್ಲಾನ್‌ಗಳಲ್ಲಿ ಇದು ಇರುತ್ತೆ. ಎರಡು, ಗಾಡಿ ಎಲ್ಲಿ ನಿಂತಿರಬೇಕು ಅನ್ನೋದು: ಸಾರ್ವಜನಿಕ ರಸ್ತೆ ಅಂತಿದ್ದರೆ ಟ್ರ್ಯಾಕ್‌ನ ಗೇಟ್ ಒಳಗಿನ ಪ್ಯಾಡಕ್ (ಗಾಡಿ ನಿಲ್ಲಿಸೋ ಜಾಗ) ಲೆಕ್ಕಕ್ಕೆ ಬರಲ್ಲ. ಮೂರು, ಉಚಿತ ಟೋಯಿಂಗ್ ಎಷ್ಟು ಕಿ.ಮೀ., ಮತ್ತೆ ಆ ಕಿ.ಮೀ. ಎಲ್ಲಿಂದ ಶುರು. ಇದೇ ದೊಡ್ಡ ಗೋಜು. ಕೆಲವರು ಗಾಡಿ ನಿಂತ ಜಾಗದಿಂದ ಗ್ಯಾರೇಜ್‌ವರೆಗೆ ಎಣಿಸ್ತಾರೆ, ಕೆಲವರು ಟೋಯಿಂಗ್ ಗಾಡಿ ತನ್ನ ಅಡ್ಡೆಯಿಂದ ಹೊರಟು ವಾಪಸ್ ಅಲ್ಲಿಗೆ ಮುಟ್ಟೋವರೆಗೆ. ಎರಡನೇ ಲೆಕ್ಕದಲ್ಲಿ 50 ಕಿ.ಮೀ. ಅನ್ನೋದು ಕಣ್ಮುಚ್ಚಿ ತೆಗೆಯೋದರೊಳಗೆ ಮುಗಿಯುತ್ತೆ.

ಫೋನ್‌ನಲ್ಲಿ ಕೇಳಬೇಡಿ, ಇಮೇಲ್ ಮಾಡಿ. ಪ್ರಶ್ನೆ ಹೀಗಿರಲಿ: "ನನ್ನ ಗಾಡಿ ಟೈಮಿಂಗ್ ಇಲ್ಲದ, ಸ್ಪರ್ಧೆಯಲ್ಲದ ಟ್ರ್ಯಾಕ್ ಡೇ ವೇಳೆ ಖಾಸಗಿ ಟ್ರ್ಯಾಕ್‌ನ ಪಾರ್ಕಿಂಗ್ ಜಾಗದಲ್ಲಿ ಕೆಟ್ಟು ನಿಂತರೆ ಟೋಯಿಂಗ್ ಸೇವೆ ಸಿಗುತ್ತದೆಯೇ? ಸಿಗುವುದಾದರೆ ಉಚಿತ ದೂರ ಎಷ್ಟು, ಅದನ್ನು ಎಲ್ಲಿಂದ ಎಲ್ಲಿಗೆ ಎಣಿಸುತ್ತೀರಿ?" ಬಂದ ಉತ್ತರದ ಪ್ರಿಂಟ್ ಗ್ಲವ್ ಬಾಕ್ಸ್‌ನಲ್ಲಿ ಇರಲಿ. ಅಂದಹಾಗೆ ಸ್ಪ್ರಿಂಗ್ ಬದಲಾಗಿದ್ದನ್ನು ಇನ್ಶೂರೆನ್ಸ್‌ನವರಿಗೆ ತಿಳಿಸಿದ್ದೀರಾ? ಟ್ರ್ಯಾಕ್‌ಗೆ ಹೋಗದಿದ್ದರೂ ಅದು ತಿಳಿಸಬೇಕಾದ್ದೇ.

---

ಬೈಪಾಸ್_ರಾಜ

ಇಷ್ಟೆಲ್ಲ ಯಾಕೆ ಗುರು. ಗಾಡಿ ಗೇಟ್ ಹೊರಗೆ ತಳ್ಳಿಸಿ ರಸ್ತೆ ಪಕ್ಕ ನಿಲ್ಲಿಸು, ಮನೆಗೆ ಹೋಗ್ತಿದ್ದೆ ಕೆಟ್ಟೋಯ್ತು ಅನ್ನು. ಮುಗೀತು.

---

ಸಣ್ಣಕ್ಷರ

@ಬೈಪಾಸ್_ರಾಜ ಆರ್‌ಎಸ್‌ಎಯಿಂದ ಬರೋ ಹುಡುಗ ಮೊದಲು ಮಾಡೋ ಕೆಲಸ ನಾಲ್ಕು ಕಡೆಯಿಂದ ಫೋಟೊ ತೆಗೆಯೋದು, ಲೊಕೇಶನ್ ಸಮೇತ. ಬಾಗಿಲ ಮೇಲೆ ಟೇಪ್‌ನಲ್ಲಿ ಬರೆದ ನಂಬರ್, ಬಂಪರ್‌ನಲ್ಲಿ ಸಿಕ್ಕಿಸಿದ ಟೋ ಹುಕ್ (ಗಾಡಿ ಎಳೆಯೋ ಕೊಂಡಿ), ಅಂಚು ಕಿತ್ತುಬಂದ ಟೈರ್ ಎಲ್ಲ ಆ ಫೋಟೊದಲ್ಲೇ ಇರುತ್ತೆ. ಸುಳ್ಳು ಹೇಳಿಕೆ ಅಂತ ಒಮ್ಮೆ ದಾಖಲಾದರೆ ಆ ಕಾಲ್ ಮಾತ್ರ ಅಲ್ಲ, ಮುಂದಿನ ಕ್ಲೇಮ್‌ಗೂ ಅದು ಅಡ್ಡ ಬರಬಹುದು. ಅದೂ ಉಳಿಯೋದು ಒಂದು ಟೋಯಿಂಗ್ ಖರ್ಚಿಗೋಸ್ಕರ.

ಇದರಲ್ಲೇ ಒಂದು ನ್ಯಾಯವಾದ ಮಾತೂ ಇದೆ. ಟ್ರ್ಯಾಕ್ ಡೇ ಮುಗಿಸಿ, ಗಾಡಿ ತಪಾಸಣೆ ಮಾಡಿ, ಸರಿಯಾಗಿದೆ ಅಂತ ಖಾತ್ರಿಯಾಗಿ ಹೊರಟ ಮೇಲೆ ಸೋಮಾಟಣೆ ಫಾಟಾ ಹತ್ತಿರ ಬೆಲ್ಟ್ ಹರಿದರೆ ಅದು ರಸ್ತೆ ಮೇಲಿನ ಬ್ರೇಕ್‌ಡೌನ್. ಧೈರ್ಯವಾಗಿ ಫೋನ್ ಮಾಡಿ, ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ. ಬ್ರೇಕ್ ಸರಿಯಿಲ್ಲ ಅಂತ ಗೊತ್ತಿದ್ದೂ ರಸ್ತೆಗೆ ಇಳಿಸೋದು ಮಾತ್ರ ಬೇಡ.

---

ಹುಬ್ಬಳ್ಳಿ_ಪಾನಾ (ಚಿಂಚವಡ)

ಪಾಲಿಸಿ ಮಾತು ಮ್ಯಾಲಿನವರು ಹೇಳ್ಯಾರ. ನಾ ಗಾಡಿ ಎತ್ತೋ ಮಾತು ಹೇಳ್ತೀನ್ರಿ.

ಟ್ರ್ಯಾಕಿನ ರಿಕವರಿ ಗಾಡಿ ನಿಮ್ಮನ್ನ ಪ್ಯಾಡಕ್‌ತನಕ ತಂದು ಬಿಡ್ತದ, ಅಲ್ಲಿಗೆ ಅದರ ಕೆಲಸ ಮುಗೀತು. ಅಲ್ಲಿಂದ ಮನಿತನಕ ನೀವ ನೋಡ್ಕೋಬೇಕು. ಅದಕ್ಕ ಟ್ರ್ಯಾಕ್ ಡೇ ಹಿಂದಿನ ದಿನಾನ ತಳೇಗಾಂವ್ ಇಲ್ಲಾ ಚಾಕಣ್ ಕಡೆ ಇರೋ ಇಬ್ಬರು ಫ್ಲಾಟ್‌ಬೆಡ್‌ನವರ (ಇಡೀ ಗಾಡಿ ಮ್ಯಾಲೆ ಏರಿಸ್ಕೊಂಡು ಒಯ್ಯೋ ಲಾರಿ) ಜೋಡಿ ಮಾತಾಡಿಟ್ಟುಕೊಳ್ರಿ. ಇಬ್ಬರು ಯಾಕಂದ್ರ ಭಾನುವಾರ ಸಂಜೀಮುಂದ ಒಬ್ಬಾಂವ ಬ್ಯಾರೆ ಕಡೆ ಹೋಗಿರ್ತಾನ. ಪುಣೆ ಪೇಟಿ ಒಳಗಿನವನನ್ನ ಹಿಡದ್ರ ಅಂವ ಖಾಲಿ ಬರೋ ದೂರಕ್ಕೂ ರೊಕ್ಕ ಕೇಳ್ತಾನ. ರೇಟ್ ಕೇಳುವಾಗ ಐದು ಬಿಡಿಸಿ ಕೇಳ್ರಿ: ಮೂಲ ಬಾಡಿಗಿ, ಅದರಾಗ ಎಷ್ಟು ಕಿ.ಮೀ., ಮುಂದಿನ ಪ್ರತಿ ಕಿ.ಮೀ.ಗೆ ಎಷ್ಟು, ಕಾಯೋದಕ್ಕ ಎಷ್ಟು, ಟೋಲ್ ಯಾರ ಮ್ಯಾಲೆ. "ಬಘೂನ್ ದ್ಯಾ" (ನೋಡಿ ಕೊಡ್ರಿ) ಅನ್ನೋರ ಕೈಗೆ ಗಾಡಿ ಕೊಡಬ್ಯಾಡ್ರಿ.

"ಕ್ರೇನ್ ಕಳಸ್ರಿ" ಅಂದ್ರ ಹಗ್ಗ, ಕೊಂಡಿ ಇರೋ ಹಳೇ ಕ್ರೇನ್ ಬರ್ತದ. ಅದು ಮುಂದಿನ ಎರಡು ಗಾಲಿ ಎತ್ತಿ ಎಳೀತದ. ಪೋಲೊ ಮುಂದಿನ ಗಾಲಿಯಿಂದ ಓಡೋ ಗಾಡಿ, ಮುಂದ ಎತ್ತಿದ್ರ ಡಿಎಸ್‌ಜಿಗೆ ತ್ರಾಸಿಲ್ಲ, ಹ್ಯಾಂಡ್‌ಬ್ರೇಕ್ ಇಳಿಸಿದ್ರ ಸಾಕು. ಆದರ 30 ಮಿ.ಮೀ. ತಗ್ಗಿದ ಗಾಡಿ ಅದು, ಎತ್ತಿದ ಕೂಡಲೇ ಹಿಂದಿನ ಬಂಪರ್ ನೆಲಕ್ಕ ತಾಗತದ, ಮುಂದಿನ ಬಂಪರ್ ಕೊಂಡಿಗೆ ಬಲಿ. ಹಿಂಗಾಗಿ ಫ್ಲಾಟ್‌ಬೆಡ್ ಅಂತ ಮೊದಲನೇ ಮಾತಿನ್ಯಾಗ ಹೇಳ್ರಿ, ಗಾಡಿ ತಗ್ಗು ಅದ ಅಂತ ಎರಡನೇ ಮಾತಿನ್ಯಾಗ. ನಾಲ್ಕೂ ಗಾಲಿ ನೆಲದ ಮ್ಯಾಲಿಟ್ಟು ಹಗ್ಗದಾಗ ಎಳಿಯೋ ಪ್ರಸಂಗ ಬಂದ್ರ ಲಿವರ್ ಎನ್‌ನಾಗ (ನ್ಯೂಟ್ರಲ್) ಇರಲಿ, ಫೋಕ್ಸ್‌ವ್ಯಾಗನ್ ಮ್ಯಾನ್ಯುಯಲ್ ಡಿಎಸ್‌ಜಿಗೆ ಕೊಡೋ ಮಿತಿ 50 ಕಿ.ಮೀ. ವೇಗ, 50 ಕಿ.ಮೀ. ದೂರ, ಅಷ್ಟ. ಇಂಜಿನ್ ಬಂದ್ ಇದ್ರ ಬ್ರೇಕ್ ಬೂಸ್ಟರ್ ಇರಂಗಿಲ್ಲ, ಪೆಡಲ್ ಕಲ್ಲಿನಂಗ ಆಗಿರ್ತದ, ಸ್ಟೀರಿಂಗ್ ಜಡ ಆಗ್ತದ. ಹಗ್ಗದ ಕೆಲಸ ಪ್ಯಾಡಕ್ ಒಳಗ ಮಾತ್ರ ಮಾಡ್ರಿ, ಹೈವೇ ಮ್ಯಾಲೆ ಬ್ಯಾಡ.

ಟೋ ಹುಕ್ ಸ್ಪೇರ್ ಗಾಲಿ ಹತ್ರ ಟೂಲ್ ಜೋಡಿ ಇರ್ತದ. ಇದರ ಥ್ರೆಡ್ ಉಲ್ಟಾ, ಎಡಕ್ಕ ತಿರುಗಿಸಿದ್ರ ಬಿಗಿ ಆಗ್ತದ. ಭಾಳ ಮಂದಿ ಬಲಕ್ಕ ತಿರುವಿ ತಿರುವಿ "ಕೂಡಂಗಿಲ್ಲ" ಅಂತ ಬಿಡ್ತಾರ. ಕೈಲೆ ಪೂರ್ತಿ ತಿರುವಿ, ಆಮ್ಯಾಲೆ ವ್ಹೀಲ್ ಪಾನಾ ಆ ಕಣ್ಣಿನ್ಯಾಗ ತೂರಿಸಿ ಕೊನೀ ಬಿಗಿ ಕೊಡ್ರಿ. ಅರ್ಧ ಕೂತ ಹುಕ್ ವಿಂಚ್ ಎಳದಾಗ ಥ್ರೆಡ್ ಸಮೇತ ಕಿತ್ತು ಬರ್ತದ. ಮನ್ಯಾಗ ಒಮ್ಮೆ ಹಾಕಿ ತಗದು ನೋಡ್ರಿ, ಟ್ರ್ಯಾಕಿನ್ಯಾಗ ಇಳಿಯೋ ಮೊದಲ ಹಾಕೇ ಇಳೀರಿ, ಟ್ರ್ಯಾಕ್ ಕಾಯೋ ಮಾರ್ಶಲ್‌ಗಳಿಗೂ ಅನುಕೂಲ.

ಬ್ಯಾಟರಿ ಪೂರ್ತಿ ಸತ್ರ ಲಿವರ್ ಪಿ (ಪಾರ್ಕ್) ಬಿಟ್ಟು ಬರಂಗಿಲ್ಲ. ಜಂಪರ್ ಹಚ್ಚಿ ನೋಡ್ರಿ, ಆಗಲಿಲ್ಲಂದ್ರ ಲಿವರ್ ಬುಡದ ಕವರ್ ಎತ್ರಿ, ಕೆಳಗ ಲಾಕ್ ಬಿಡಿಸೋ ಸಣ್ಣ ಟ್ಯಾಬ್ ಅದ. ಅದನ್ನ ಒತ್ತಿ ಹಿಡದು ಬ್ರೇಕ್ ತುಳದು ಎನ್‌ಗೆ ತರಬೇಕು.

ಗಾಡಿ ಏರಿಸುವಾಗ: ರ‍್ಯಾಂಪ್ ಬುಡಕ್ಕ ಎರಡು ಮರದ ಹಲಗಿ, ಎರಡು ಇಂಚು ದಪ್ಪ, ಮೂರಡಿ ಉದ್ದ. ಇವು ಡಿಕ್ಕಿಯೊಳಗ ಇದ್ರ ಮುಂದಿನ ಬಂಪರ್‌ನ ಕೆಳಗಿನ ಅಂಚು ಉಳೀತದ. ಕಟ್ಟೋದು ಗಾಲಿಗೆ, ಟೈರ್ ಸುತ್ತ ಪಟ್ಟಿ ಹಾಕಿ. ಲೋವರ್ ಆರ್ಮ್‌ಗೆ, ಟೈ ರಾಡ್‌ಗೆ, ಡ್ರೈವ್ ಶಾಫ್ಟ್‌ಗೆ ಚೈನ್ ಹಾಕಾಕ ಬಿಡಬ್ಯಾಡ್ರಿ. ಅಲೈನ್‌ಮೆಂಟ್ ಹೋಗೋದು, ರಬ್ಬರ್ ಬೂಟ್ ಹರಿಯೋದು ಹೆಚ್ಚು ಇಲ್ಲೇ. ಬ್ಯಾಡ ಅಂದ್ರ ಆ ಹುಡುಗ "ಕಾಯ್ ನಾಯ್ ಹೋತ್ ದಾದಾ" (ಏನೂ ಆಗಂಗಿಲ್ಲ ಅಣ್ಣಾ) ಅಂತಾನ. ಅಂದ್ಕೊಳ್ಳಲಿ, ನೀವು ಪಟ್ಟೀನ ಹಾಕಸ್ರಿ. ಇಪ್ಪತ್ತು ಕಿ.ಮೀ. ಆದ್ಮ್ಯಾಲೆ ಒಮ್ಮೆ ನಿಲ್ಲಿಸಿ ಬಿಗಿ ನೋಡಬೇಕು, ಸಸ್ಪೆನ್ಶನ್ ಕೂತಂಗ ಪಟ್ಟಿ ಸಡಲ ಆಗ್ತದ.

---

ನಿಗಡಿ_ಅಪೆಕ್ಸ್

ಎಳೆಸೋ ಮಾತು ಚೆನ್ನಾಗಿ ಬಂದಿದೆ. ಆದರೆ ಟ್ರ್ಯಾಕ್ ಡೇನಲ್ಲಿ ನಿಲ್ಲುವ ಸ್ಟಾಕ್ ಗಾಡಿಗಳಲ್ಲಿ ಎಳೆಸಲೇಬೇಕಾದವು ಕಡಿಮೆ. ಯಾವುದು ಅರ್ಧ ಗಂಟೆ ಆರಿದರೆ ಸರಿಹೋಗುತ್ತೆ, ಯಾವುದನ್ನು ಪ್ಯಾಡಕ್‌ನಲ್ಲೇ ಸರಿಮಾಡಬಹುದು, ಯಾವುದನ್ನು ಮುಟ್ಟಲೇಬಾರದು ಅನ್ನೋದು ಗೊತ್ತಿದ್ದರೆ ಸಾಕು.

ಡಿಎಸ್‌ಜಿ: ನಿಮ್ಮದು ಡ್ರೈ ಕ್ಲಚ್ (ಆಯಿಲ್‌ನಲ್ಲಿ ಮುಳುಗಿರದ ಕ್ಲಚ್) ಗಿಯರ್‌ಬಾಕ್ಸ್. ಪಿಟ್ ಲೇನ್‌ನಲ್ಲಿ (ಟ್ರ್ಯಾಕ್‌ಗೆ ಇಳಿಯೋ ದಾರಿ) ಸರತಿಗೆ ನಿಂತು ಇಂಚಿಂಚು ತೆವಳೋದೇ ಇದಕ್ಕೆ ಲ್ಯಾಪ್‌ಗಿಂತ ಹೆಚ್ಚು ಬಿಸಿ. ಎಚ್ಚರಿಕೆ ಬಂದರೆ ಪಕ್ಕಕ್ಕೆ ಹಾಕಿ, ಪಿಯಲ್ಲಿಟ್ಟು 20–30 ನಿಮಿಷ ಬಿಡಿ. ಬಿಸಿಯೊಂದೇ ಕಾರಣವಾಗಿದ್ದರೆ ಆರಿದ ಮೇಲೆ ಮಾಮೂಲಿ ನಡೆಯುತ್ತೆ. ಆರಿದ ಮೇಲೂ ಗಿಯರ್ ಸೂಚಕ ಮಿನುಗುತ್ತಿದ್ದರೆ, ಒಂದು ಸಾಲಿನ ಗಿಯರ್ (ಬರೀ 1-3-5-7 ಅಥವಾ ಬರೀ 2-4-6) ಮಾತ್ರ ಬೀಳುತ್ತಿದ್ದರೆ ಫ್ಲಾಟ್‌ಬೆಡ್ ಕರೆಸಿ.

ಬ್ರೇಕ್: ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋದರೆ ಫ್ಲೂಯಿಡ್ ಕುದಿದಿದೆ. ಡಾಟ್ 4 ದರ್ಜೆಯ ಬ್ರೇಕ್ ಫ್ಲೂಯಿಡ್ ಹೊಸದಿದ್ದಾಗ ಕುದಿಯುವ ಕನಿಷ್ಠ ಮಟ್ಟ 230 ಡಿಗ್ರಿ, ತೇವ ಹೀರಿದ ಮೇಲೆ 155. ಪುಣೆಯ ಒಂದೆರಡು ಮಳೆಗಾಲ ಕಂಡ ಫ್ಲೂಯಿಡ್ ಎರಡನೇ ಸಂಖ್ಯೆಯ ಕಡೆ ಜಾರಿರುತ್ತೆ. ಹೋಗುವ ವಾರ ಪೂರ್ತಿ ಬದಲಿಸಿ, ಒಂದು ಲೀಟರ್ ಸಾಕು, ಡಾಟ್ 5.1 ಆದರೆ 260 ಡಿಗ್ರಿ, ಡಾಟ್ 4 ಜೊತೆ ಬೆರೆಯುತ್ತೆ. ಡಾಟ್ 5 ಅನ್ನೋದು ಸಿಲಿಕೋನ್, ಅದು ಬೇಡವೇ ಬೇಡ. ಅಂಗಡಿಯವನು "ಎರಡೂ ಒಂದೇ" ಅಂದರೂ ಡಬ್ಬಿ ಓದಿ ತಗೊಳ್ಳಿ. ಕುದಿದ ಮೇಲೆ ತಣ್ಣಗಾದರೆ ಪೆಡಲ್ ವಾಪಸ್ ಗಟ್ಟಿಯಾಗಬಹುದು, ಆದರೆ ನಂಬಬೇಡಿ, ಬ್ಲೀಡ್ ಮಾಡಿ, ಅಂದರೆ ಗಾಲಿಯ ಬಳಿಯ ನಿಪ್ಪಲ್ ಸಡಿಲಿಸಿ ಒಳಗಿನ ಗಾಳಿ ಹೊರಹಾಕಿ. ನಮ್ಮ ಬಲಗೈ ಗಾಡಿಗಳಲ್ಲಿ ಸಾಮಾನ್ಯ ಕ್ರಮ ಮಾಸ್ಟರ್ ಸಿಲಿಂಡರ್‌ಗೆ ದೂರದ ಹಿಂದಿನ ಎಡಗಾಲಿಯಿಂದ ಶುರು, ಮುಂದಿನ ಬಲಗಾಲಿಗೆ ಮುಕ್ತಾಯ. 500 ಮಿ.ಲೀ. ಸೀಲ್ ಮಾಡಿದ ಡಬ್ಬಿ, ಒಂದು ಮೀಟರ್ ಪಾರದರ್ಶಕ ಪೈಪ್, ಖಾಲಿ ಬಾಟಲಿ, ನಿಪ್ಪಲ್‌ಗೆ ಸರಿಹೊಂದುವ ರಿಂಗ್ ಪಾನಾ, ಪೆಡಲ್ ತುಳಿಯೋಕೆ ಒಬ್ಬ ಗೆಳೆಯ. ಪ್ಯಾಡ್ ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಬೆಳಿಗ್ಗೆಯೇ ಹೊಸದು ಹಾಕಿಸಿಕೊಂಡು ಹೋಗಿ, ತೆಳು ಪ್ಯಾಡ್ ಶಾಖವನ್ನು ನೇರ ಫ್ಲೂಯಿಡ್‌ಗೆ ದಾಟಿಸುತ್ತೆ. ಸೆಷನ್ ಮುಗಿಸಿ ಬಂದು ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಪಿಯಲ್ಲಿಟ್ಟು ಗಾಲಿಗೆ ಕಲ್ಲು ಕೊಡಿ.

ಕೂಲಂಟ್: ಮುಳ್ಳು ಏರುತ್ತಿದ್ದರೆ ಎಸಿ ಆಫ್, ಹೀಟರ್ ಪೂರ್ತಿ ಆನ್, ಒಂದು ಲ್ಯಾಪ್ ನಿಧಾನ ಓಡಿಸಿ ಒಳಗೆ ಬನ್ನಿ. ಬಿಸಿ ಇದ್ದಾಗ ಮುಚ್ಚಳ ತೆಗೆಯಬಾರದು. ಒಳಗೆ ಒತ್ತಡ ಇರೋದರಿಂದಲೇ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಕೂತಿರುತ್ತೆ, ಮುಚ್ಚಳ ಸಡಿಲಿಸಿದ ಕ್ಷಣ ಕುದಿದು ಮುಖಕ್ಕೆ ಬರುತ್ತೆ. ಮುಕ್ಕಾಲು ಗಂಟೆ ಕಾಯಿರಿ, ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗಲಿ. ತುಂಬೋದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಮೂರು ಲೀಟರ್ ಇರಲಿ. ಕೈಗೆ ಸಿಕ್ಕ ಹಸಿರು ಕೂಲಂಟ್ ಫೋಕ್ಸ್‌ವ್ಯಾಗನ್‌ನ ಗುಲಾಬಿಗೆ ಬೆರೆಸಿದರೆ ಗಸಿ ಕಟ್ಟುವ ಅಪಾಯ ಇದೆ. ತುಂಬಿದ ಮೇಲೆ ಹತ್ತು ನಿಮಿಷ ಇಂಜಿನ್ ಓಡಿಸಿ. ಮಟ್ಟ ಇಳಿಯುತ್ತಲೇ ಇದ್ದರೆ, ಬಿಳಿ ಹೊಗೆ ಬಂದರೆ, ಆಯಿಲ್ ಮುಚ್ಚಳದಡಿ ಹಾಲಿನ ಬಣ್ಣ ಕಂಡರೆ ಸೀದಾ ಫ್ಲಾಟ್‌ಬೆಡ್.

ಆಯಿಲ್ ಪ್ರೆಶರ್‌ನ ಕೆಂಪು ದೀಪ: ಇದರಲ್ಲಿ ಚೌಕಾಸಿ ಇಲ್ಲ. ತಕ್ಷಣ ಇಂಜಿನ್ ಆಫ್. ಉದ್ದ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಆಯಿಲ್ ಹೀರೋ ಪಿಕಪ್ ಪೈಪ್ ಗಾಳಿ ಎಳೆದರೆ ದೀಪ ಕ್ಷಣ ಹೊತ್ತಿ ಆರುತ್ತೆ. ಅದೂ ಎಚ್ಚರಿಕೆಯೇ, ಒಳಗೆ ಬಂದು ಡಿಪ್‌ಸ್ಟಿಕ್ ನೋಡಿ. ಬೆಳಿಗ್ಗೆ ಮ್ಯಾಕ್ಸ್ ಗೆರೆಗೆ ತುಂಬಿ ಇಳಿಯಿರಿ, ಒಂದು ಲೀಟರ್ 5ಡಬ್ಲ್ಯು-40, ವಿಡಬ್ಲ್ಯು 502 00 ಸ್ಪೆಕ್‌ನದ್ದು ಡಿಕ್ಕಿಯಲ್ಲಿ ಇರಲಿ. ದೀಪ ಉಳಿದುಕೊಂಡರೆ ಮತ್ತೆ ಸ್ಟಾರ್ಟ್ ಮಾಡಿ ನೋಡೋದೂ ಬೇಡ.

ಪೆಟ್ರೋಲ್ ಕಾಲು ಟ್ಯಾಂಕ್‌ಗಿಂತ ಕೆಳಗೆ ಇದ್ದಾಗ ತಿರುವಿನಲ್ಲಿ ಇಂಜಿನ್ ಮುಗ್ಗರಿಸುತ್ತೆ. "ಗಾಡಿ ಕೆಟ್ಟಿದೆ" ಅಂತ ಪ್ಯಾಡಕ್‌ನಲ್ಲಿ ಬಾನೆಟ್ ಎತ್ತಿ ನಿಂತವರಲ್ಲಿ ಇಂಥವರೂ ಇರ್ತಾರೆ.

ಬ್ಲೂಟೂತ್ ಒಬಿಡಿ ಸ್ಕ್ಯಾನರ್ (ಗಾಡಿಯ ದೋಷದ ಕೋಡ್ ಓದೋ ಸಾಧನ) ಒಂದು ಇಟ್ಟುಕೊಳ್ಳಿ. ಪಿ0300 ಅಂದರೆ ಮಿಸ್‌ಫೈರ್, ಕಾಯಿಲ್ ಅಥವಾ ಪ್ಲಗ್ ಇರಬಹುದು. ಕಾಯಿಲ್ ಅದಲುಬದಲು ಮಾಡಿ ನೋಡಿದರೆ ತಪ್ಪು ಯಾವುದರದ್ದು ಗೊತ್ತಾಗುತ್ತೆ. ಪಿ0299 ಟರ್ಬೊ ಬೂಸ್ಟ್ ಕಡಿಮೆ, ಮೊದಲು ಕಳಚಿದ ಹೋಸ್ ಹುಡುಕಿ. ಪಿ0217 ಕೂಲಂಟ್ ಅತಿ ಬಿಸಿ. ಪಿ0524 ಆಯಿಲ್ ಪ್ರೆಶರ್ ಕಡಿಮೆ. ಫ್ಲಾಟ್‌ಬೆಡ್ ಕರೆಯೋದಾದರೂ ಕೋಡ್ ಅಳಿಸಬೇಡಿ, ಗ್ಯಾರೇಜ್‌ನವರಿಗೆ ಬೇಕು.

ಟ್ರ್ಯಾಕ್ ಮೇಲೆ ನಿಲ್ಲುವುದಾದರೆ: ಆಯಿಲ್ ಅಥವಾ ಕೂಲಂಟ್ ಸುರಿಯುತ್ತಿದೆ ಅನ್ನೋ ಅನುಮಾನ ಬಂದ ಕೂಡಲೇ ರೇಸಿಂಗ್ ಲೈನ್ (ಎಲ್ಲರೂ ವೇಗವಾಗಿ ಓಡೋ ದಾರಿ) ಬಿಟ್ಟು ಹತ್ತಿರದ ಮಾರ್ಶಲ್ ಪೋಸ್ಟ್ ಪಕ್ಕ ಹೊರಗೆ ನಿಲ್ಲಿಸಿ. ಹೇಗಾದರೂ ಪಿಟ್ ಮುಟ್ಟಿಸೋಣ ಅಂತ ತೆವಳಿದರೆ ಹಿಂದೆ ಬರುವವರೆಲ್ಲ ನಿಮ್ಮ ಆಯಿಲ್ ಮೇಲೆ ಜಾರುತ್ತಾರೆ. ಹಜಾರ್ಡ್ ಹಾಕಿ. ಬೆಂಕಿ ಇಲ್ಲದಿದ್ದರೆ ಬೆಲ್ಟ್ ಬಿಚ್ಚದೆ, ಹೆಲ್ಮೆಟ್ ತೆಗೆಯದೆ ಮಾರ್ಶಲ್ ಸನ್ನೆ ಮಾಡುವವರೆಗೆ ಕೂತಿರಿ.

---

ವಾಕಡ್_ಪೋಲೊ

ಎಲ್ಲರಿಗೂ ದೊಡ್ಡ ನಮಸ್ಕಾರ. ಪಾನಾ ಸಾಹೇಬ್ರೇ, ಹುಕ್ ಈಗಷ್ಟೇ ಹಾಕಿ ನೋಡಿದೆ, ನಿಜವಾಗಿ ಎಡಕ್ಕೇ ಬಿಗಿಯಾಗೋದು! ಇನ್ನೆರಡು ಉಳೀತು. ಸಂಜೆ ಹೊರಡುವ ಮುಂಚೆ ಏನೇನು ನೋಡಬೇಕು, ದಾರಿಯಲ್ಲಿ ನಿಂತರೆ ಯಾವ ನಂಬರ್? ಕೊಯಮತ್ತೂರಿಗೆ ಏನಂತೀರಿ?

---

ನಿಗಡಿ_ಅಪೆಕ್ಸ್

ಗಾಲಿ ಪೂರ್ತಿ ತಣ್ಣಗಾದ ಮೇಲೆ 17ರ ಸಾಕೆಟ್, ಟಾರ್ಕ್ ರೆಂಚ್‌ನಲ್ಲಿ ಎಲ್ಲ ಬೋಲ್ಟ್ 120 ನ್ಯೂಟನ್ ಮೀಟರ್‌ಗೆ ನೋಡಿ. ಬಿಸಿಯಲ್ಲಿ ನೋಡಿದರೆ ತಪ್ಪು ಲೆಕ್ಕ ಸಿಗುತ್ತೆ. ಬಿಸಿ ಟೈರ್‌ನಿಂದ ಗಾಳಿ ಬಿಟ್ಟಿದ್ದರೆ ತಣ್ಣಗಾದ ಮೇಲೆ ಗಾಡಿಯ ಸ್ಟಿಕ್ಕರ್‌ನಲ್ಲಿರೋ ಮಟ್ಟಕ್ಕೆ ಮತ್ತೆ ತುಂಬಿ, ಮರೆತರೆ ಹೈವೇಯಲ್ಲಿ ಕಡಿಮೆ ಗಾಳಿಯಲ್ಲೇ ಓಡ್ತೀರಿ. ಟೈರ್‌ನ ಒಳ ಅಂಚನ್ನೂ ಕೈಯಾಡಿಸಿ ನೋಡಿ. ಗಾಡಿ ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ಹನಿ ಇದೆಯಾ ನೋಡಿ. ಕೊನೆಗೆ ಪ್ಯಾಡಕ್‌ನಲ್ಲೇ ನಾಲ್ಕು ಸಲ ಜೋರಾಗಿ ಬ್ರೇಕ್ ಒತ್ತಿ. ಪೆಡಲ್ ಪ್ರತಿ ಸಲ ಅದೇ ಎತ್ತರದಲ್ಲಿ ನಿಲ್ಲಬೇಕು.

---

ಸಣ್ಣಕ್ಷರ

ನಂಬರ್ ವಿಷಯ. 1033 ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು, ಅವರ ಹೆದ್ದಾರಿಗಳಿಗೆ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ರಾಜ್ಯದ ರಸ್ತೆ ಅಭಿವೃದ್ಧಿ ನಿಗಮ ಎಂಎಸ್‌ಆರ್‌ಡಿಸಿ ಕೈಯಲ್ಲಿದೆ. ಅದರ ಸಹಾಯವಾಣಿ ಬೇರೆ, ರಸ್ತೆ ಪಕ್ಕದ ಬೋರ್ಡ್‌ನಲ್ಲಿ ಇರುತ್ತೆ, ಹೋಗುವಾಗಲೇ ಫೋನ್‌ನಲ್ಲಿ ಸೇವ್ ಮಾಡ್ಕೊಳ್ಳಿ. ಪ್ರಾಣಾಪಾಯ ಇದ್ದರೆ ಎಲ್ಲಿದ್ದರೂ 112. ವಾಕಡ್‌ಗೆ ಬರೋಕೆ ದೇಹು ರೋಡ್, ನಿಗಡಿ ಮೇಲಿನ ಹಳೇ ಹೈವೇನೇ ಆ ದಿನಕ್ಕೆ ಒಳ್ಳೆಯದು, ನಿಲ್ಲಿಸೋಕೆ ಜಾಗ, ಅಂಗಡಿ, ಗ್ಯಾರೇಜ್ ಎಲ್ಲ ಇದೆ. ಗಾಡಿ ನಿಂತರೆ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಮತ್ತು ಯಾವ ಊರಿನ ಕಡೆಗೆ ಮುಖ ಅನ್ನೋದು ಹೇಳಿ, "ತಳೇಗಾಂವ್ ದಾಟಿ ಸ್ವಲ್ಪ ಮುಂದೆ" ಅಂದರೆ ಯಾರೂ ಸಿಗಲ್ಲ. ಟ್ರಯಾಂಗಲ್ ಕನಿಷ್ಠ 50 ಮೀಟರ್ ಹಿಂದೆ ಇಡಿ, ನೀವು ಗಾಡಿಯೊಳಗೆ ಕೂರದೆ ಕ್ರ್ಯಾಶ್ ಬ್ಯಾರಿಯರ್ ಆಚೆ ನಿಲ್ಲಿ.

ಕೊಯಮತ್ತೂರು ಕೊಲ್ಲಾಪುರ, ಹುಬ್ಬಳ್ಳಿ, ಬೆಂಗಳೂರು, ಸೇಲಂ ಮೇಲೆ ಹೆಚ್ಚುಕಡಿಮೆ 1,200 ಕಿ.ಮೀ. ಯಾವ ಆರ್‌ಎಸ್‌ಎಯೂ ಅಲ್ಲಿಂದ ಪುಣೆಗೆ ಎಳ್ಕೊಂಡು ಬರಲ್ಲ. ಕರಿ ಸ್ಪೀಡ್‌ವೇಯಲ್ಲಿ ಕೆಟ್ಟರೆ ಕೊಯಮತ್ತೂರಿನ ವರ್ಕ್‌ಶಾಪ್‌ಗೇ ಬಿಟ್ಟು, ನೀವು ರೈಲು ಹತ್ತಿ, ರಿಪೇರಿ ಆದ ಮೇಲೆ ಕಾರ್ ಕ್ಯಾರಿಯರ್‌ನಲ್ಲಿ ತರಿಸೋದು ಅಗ್ಗ. ಆರ್‌ಸಿ, ಇನ್ಶೂರೆನ್ಸ್, ಪಿಯುಸಿ ನಕಲು, ಸಹಿ ಮಾಡಿದ ಅಧಿಕಾರ ಪತ್ರ ಜೊತೆಗಿರಲಿ. ಕೊಡುವಾಗ ಓಡೋಮೀಟರ್ ಸಮೇತ ಫೋಟೊ ತೆಗೆಯಿರಿ, ಟ್ರಾನ್ಸಿಟ್ ಇನ್ಶೂರೆನ್ಸ್ ಬೇರೆ ಕೇಳಿ.

---

ಹುಬ್ಬಳ್ಳಿ_ಪಾನಾ

ಒಂದು ಬಿಟ್ಟಿದ್ದೆ. ಫ್ಲಾಟ್‌ಬೆಡ್ ಮ್ಯಾಲೆ ಗಾಡಿ ಹೊಂಟಾಗ ಟೋಲಿನ್ಯಾಗ ಮ್ಯಾಲಿರೋ ರೀಡರ್ ನಿಮ್ಮ ಗಾಡಿ ಫಾಸ್ಟ್ಯಾಗ್ ಓದಿಬಿಡಬಹುದು, ಅವನದೂ ಹೋಗ್ತದ, ನಿಮ್ಮದೂ ಹೋಗ್ತದ. ಚಪಾತಿ ಸುತ್ತೋ ಫಾಯಿಲ್ ಎರಡು ಪದರ ಮಾಡಿ ಒಳಗಿನಿಂದ ಟ್ಯಾಗ್ ಮ್ಯಾಲೂ, ಹೊರಗಿನಿಂದ ಗ್ಲಾಸ್ ಮ್ಯಾಲೂ ಟೇಪ್ ಹಚ್ಚಿ ಮುಚ್ರಿ. ಇಳಿಸಿದ ಮ್ಯಾಲೆ ತಗಿಯೋದು ಮರೀಬ್ಯಾಡ್ರಿ.